ಹ್ಯಾಂಡ್‌ಬಾಲ್ ಅಂಕಣಗಳೂ ಇತಿಹಾಸವೇ

ಮಾನ್ಯರೇ,

ಐರ್ಲೆಂಡಿನ ರಾಷ್ಟ್ರೀಯ ಹ್ಯಾಂಡ್‌ಬಾಲ್ ಸಿಂಗಲ್ಸ್ ಚಾಂಪಿಯನ್‌ಷಿಪ್ ಕುರಿತ ಲೇಖನವು ವಿಜೇತರ ಹೆಸರುಗಳನ್ನು ಸ್ಮರಿಸಿದೆ; ಆದರೆ ಅವರನ್ನು ರೂಪಿಸಿದ ಹಳೆಯ ಆಟದ ಅಂಕಣಗಳ (ಕೋರ್ಟ್‌ಗಳ) ಪ್ರಸ್ತಾಪವೇ ಅದರಲ್ಲಿಲ್ಲ.

ಚೆಂಡನ್ನು ಕೈಯಿಂದಲೇ ಗೋಡೆಗೆ ಹೊಡೆದು ಆಡುವ ಈ ಆಟದ ರಾಷ್ಟ್ರೀಯ ಸಂಘ 1924ರಲ್ಲಿ ರೂಪುಗೊಂಡಿತು. ಮರುವರ್ಷವೇ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ ಆರಂಭವಾಯಿತು. ಆಗಿನ ಅಂಕಣ 60 ಅಡಿ ಉದ್ದ, 30 ಅಡಿ ಅಗಲದ್ದು. ಹಲವಕ್ಕೆ ಚಾವಣಿಯೂ ಇರಲಿಲ್ಲ. ಹಳ್ಳಿಯ ರಸ್ತೆ ಬದಿಯಲ್ಲಿ, ಶಾಲೆಯ ಪಕ್ಕದಲ್ಲಿ ಎದ್ದುನಿಂತ ಆ ಗೋಡೆಗಳ ಮುಂದೆ ಊರೇ ನೆರೆಯುತ್ತಿತ್ತು. ಕಿಲ್ಕೆನಿಯ ಮೈಕೆಲ್ 'ಡಕ್ಸಿ' ವಾಲ್ಶ್ 1985ರಿಂದ 1997ರವರೆಗೆ ಸತತ 13 ವರ್ಷ ಸಿಂಗಲ್ಸ್ ಪ್ರಶಸ್ತಿ ಗೆದ್ದದ್ದು ಈ ದೊಡ್ಡ ಅಂಕಣದ ಆಟದಲ್ಲಿಯೇ. ಯಾವ ಕ್ರೀಡೆಯಲ್ಲಾದರೂ ಇದು ಬೆರಗುಗೊಳಿಸುವ ಸಾಧನೆ.

1970ರ ದಶಕದಿಂದ 40 ಅಡಿ ಉದ್ದ, 20 ಅಡಿ ಅಗಲದ ಒಳಾಂಗಣ ಅಂಕಣಗಳು ಬಂದವು. ಮಳೆಯ ನಾಡಿಗೆ ಅವು ಅನುಕೂಲವೇ. ಕ್ಯಾವನ್‌ನ ಪಾಲ್ ಬ್ರೇಡಿ ಅವರಂತಹ ವಿಶ್ವ ಚಾಂಪಿಯನ್ ಬೆಳೆದದ್ದೂ ಅಲ್ಲಿಯೇ. ಆದರೆ ಬಯಲಿನ ಹಳೆಯ ಅಂಕಣಗಳು ಪಾಚಿಗಟ್ಟಿ ಕುಸಿಯುತ್ತಿವೆ, ಕೆಲವನ್ನು ಕೆಡವಲಾಗಿದೆ. ದಾಖಲೆಗಳು ಕಾಗದದಲ್ಲಿ ಉಳಿದಾವು. ಆಡಿದ ಜಾಗ ಹೋದರೆ ಮುಂದಿನ ಮಕ್ಕಳಿಗೆ ತೋರಿಸಲು ಏನಿದೆ?

ಅಲ್ಲಿನ ಕೌಂಟಿ (ಜಿಲ್ಲಾ) ಆಡಳಿತಗಳು ಉಳಿದಿರುವ ಅಂಕಣಗಳನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಬೇಕು. ಚಾಂಪಿಯನ್‌ಷಿಪ್‌ನ ಆರಂಭಿಕ ಸುತ್ತಿನ ಕೆಲವು ಪಂದ್ಯಗಳನ್ನಾದರೂ ದುರಸ್ತಿಗೊಂಡ ಹಳೆಯ ಅಂಕಣಗಳಲ್ಲಿ ಪ್ರತಿವರ್ಷ ನಡೆಸುವುದು ಒಳಿತು.

– ಓದುಗ, ಮೈಸೂರು