ನನ್ನ ಎರಡನೇ ಮಲೇರಿಯಾ ಯಾರ ಮನೆಯದ್ದು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ,

ಮಂಗಳೂರಿನಿಂದ ನಮಸ್ಕಾರಗಳು.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ನನಗೆ ಎರಡನೇ ಸಲ ಮಲೇರಿಯಾ ಬಂತು. ಮಟಮಟ ಮಧ್ಯಾಹ್ನದ ಸೆಕೆಯಲ್ಲಿ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಾ ಮಲಗಿದ್ದೆ. ಗಾಜಿನ ಸ್ಲೈಡಿನ ಮೇಲೆ ರಕ್ತದ ಹನಿ ನೋಡಿ ವೈವ್ಯಾಕ್ಸ್ ಬಗೆಯ ಮಲೇರಿಯಾ ಎಂದರು. ಮರುದಿನ ಸಂಜೆ ಇಬ್ಬರು ಆರೋಗ್ಯ ಕಾರ್ಯಕರ್ತರು ಮನೆಗೆ ಬಂದು ಟ್ಯಾಂಕಿನ ಮುಚ್ಚಳ ಎತ್ತಿ ನೋಡಿದರು, ಹೂಕುಂಡದ ತಟ್ಟೆಯ ನೀರು ಚೆಲ್ಲಿದರು. ಕೊನೆಗೆ ಕಾಂಪೌಂಡಿನಾಚೆ ಏಳುತ್ತಿದ್ದ ಬಹುಮಹಡಿ ಕಟ್ಟಡದತ್ತ ತಿರುಗಿ ಒಬ್ಬರು, "ಅಲ್ಲಿಂದಲೇ ಬಂದಿರಬೇಕು ಸಾರ್" ಅಂದರು. ಅಂದು ರಾತ್ರಿ ಅಲ್ಲಿನ ತಗಡಿನ ಶೆಡ್ಡುಗಳ ಎದುರು ಬಾಗಲಕೋಟೆ ಕಡೆಯವರು, ಬಿಹಾರದವರು ಸಾಲಾಗಿ ನಿಂತು ಬೆರಳು ಚುಚ್ಚಿಸಿಕೊಂಡರು. "ಇವರು ಬರುವ ಮೊದಲು ನಮ್ಮಲ್ಲಿ ಇದೆಲ್ಲ ಎಲ್ಲಿತ್ತು?" ಎಂದು ನಮ್ಮ ಬೀದಿಯ ಹಿರಿಯರೊಬ್ಬರು ಗೇಟಿನ ಬಳಿ ನಿಂತು ಕೇಳುತ್ತಿದ್ದರು.

ನಾನು ಬಾಯಿ ಬಿಡಲಿಲ್ಲ. ಅದಕ್ಕೂ ನಾಲ್ಕು ತಿಂಗಳ ಹಿಂದೆ ಮೊದಲ ಸಲ ಜ್ವರ ಬಂದಾಗ ಕೊಟ್ಟಿದ್ದ 14 ದಿನಗಳ ಪ್ರೈಮಾಕ್ವಿನ್ ಮಾತ್ರೆಯನ್ನು ನಾನು ಐದನೇ ದಿನಕ್ಕೇ ಬಿಟ್ಟಿದ್ದೆ. ಜ್ವರ ಇಳಿದಿತ್ತು, ಹೊಟ್ಟೆ ಉರಿಯುತ್ತಿತ್ತು. ಉಳಿದ ಮಾತ್ರೆ ಫ್ರಿಜ್ಜಿನ ಮೇಲೆ ಧೂಳು ತಿಂದಿತು. ವೈವ್ಯಾಕ್ಸ್ ಕಾಯುವುದೇ ಇಂಥ ಸೋಮಾರಿಗಳಿಗಾಗಿ. ರಕ್ತದಲ್ಲಿರುವ ಪರೋಪಜೀವಿಯನ್ನು ಕ್ಲೋರೋಕ್ವಿನ್ ಕೊಲ್ಲುತ್ತದೆ, ಆದರೆ ಪಿತ್ತಜನಕಾಂಗದಲ್ಲಿ ನಿದ್ದೆ ಹೋಗಿರುವುದನ್ನು ಮುಟ್ಟುವುದಿಲ್ಲ. ಅದಕ್ಕೇ ಪ್ರೈಮಾಕ್ವಿನ್. ಹಾಗೆ ಮಲಗಿದ್ದು ವಾರಗಳೋ ತಿಂಗಳುಗಳೋ ಕಳೆದು ಏಳಬಹುದು. ಮಲಗಿರುವಷ್ಟು ದಿನ ರಕ್ತ ಪರೀಕ್ಷೆಗೆ ಸಿಗುವುದಿಲ್ಲ. ಹಾಗಿದ್ದರೆ ನನ್ನ ಎರಡನೇ ಜ್ವರ ಆ ಶೆಡ್ಡಿನಿಂದ ಬಂದದ್ದೋ, ನನ್ನ ಹೊಟ್ಟೆಯೊಳಗೇ ಇದ್ದದ್ದೋ? ಶೆಡ್ಡಿನಲ್ಲಿ ಯಾರಿಗಾದರೂ ಸೋಂಕು ತಗುಲಿದ್ದರೆ, ಅದು ನನ್ನಿಂದಲೇ ಹೋಗಿರಲಿಕ್ಕೂ ಸಾಕಲ್ಲವೇ?

ಸ್ವಾಮಿ, ಇದು ಒಬ್ಬನ ಅಳುಕಿನ ಮಾತಲ್ಲ. 2027ರ ಹೊತ್ತಿಗೆ ಸ್ಥಳೀಯವಾಗಿ ಹರಡಿದ ಮಲೇರಿಯಾ ಸೊನ್ನೆಗೆ ಇಳಿಯಬೇಕು, 2030ಕ್ಕೆ ದೇಶ ಮಲೇರಿಯಾಮುಕ್ತವಾಗಬೇಕು ಎಂಬುದು ಭಾರತ ಇಟ್ಟುಕೊಂಡ ಗುರಿ. ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಡಬೇಕಾದರೆ ಸತತ ಮೂರು ವರ್ಷ ಒಂದೂ ಸ್ಥಳೀಯ ಪ್ರಕರಣ ಇರಕೂಡದು. ಅಂದ ಮೇಲೆ ಪ್ರತಿ ರೋಗಿಯ ಹೆಸರಿನ ಮುಂದೆ ಇಲ್ಲಿಯದೋ, ಹೊರಗಿನದೋ, ಮರುಕಳಿಸಿದ್ದೋ ಎಂದು ಬರೆಯಲೇಬೇಕು. ಅದನ್ನು ಬರೆಯುವುದು ಬಹುಪಾಲು ರೋಗಿಯ ಬಾಯಿಮಾತು ನಂಬಿ. ನನ್ನಂಥವರ ಬಾಯಿಮಾತಿನ ಬೆಲೆ ತಮಗೆ ಈಗ ಗೊತ್ತಾಯಿತಲ್ಲ.

ಈ ಪ್ರಶ್ನೆಗೆ ಉತ್ತರದ ಸುಳಿವು ಪರೋಪಜೀವಿಯ ವಂಶವಾಹಿಯಲ್ಲಿದೆ. ವೈವ್ಯಾಕ್ಸ್‌ನ ಪೂರ್ತಿ ಜೀನೋಮ್, ಅಂದರೆ ವಂಶವಾಹಿಗಳ ಇಡೀ ಪಾಠ, ಪ್ರಕಟವಾದದ್ದು 2008ರಲ್ಲಿ. ಮಲೇರಿಯಾ ಪರೋಪಜೀವಿಯ ಗಂಡು ಹೆಣ್ಣು ಕೂಡುವುದು ಸೊಳ್ಳೆಯ ಹೊಟ್ಟೆಯಲ್ಲಿ. ಊರಲ್ಲಿ ರೋಗ ಜೋರಾಗಿದ್ದಾಗ ಒಂದೇ ಸೊಳ್ಳೆಯ ಹೊಟ್ಟೆಗೆ ನಾನಾ ತಳಿಗಳು ಸೇರುತ್ತವೆ, ಬೆರೆಯುತ್ತವೆ, ಹುಟ್ಟಿದ ಮರಿಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ರೋಗ ಇಳಿಮುಖವಾದಾಗ ಸೊಳ್ಳೆಗೆ ಸಿಗುವುದು ಒಂದೇ ತಳಿ; ಅದು ತನ್ನನ್ನೇ ಕೂಡಿ ತನ್ನದೇ ನಕಲು ಹುಟ್ಟಿಸುತ್ತದೆ. ಆದ್ದರಿಂದ ಹತ್ತು ರೋಗಿಗಳ ರಕ್ತದಲ್ಲಿ ಒಂದೇ ಅಚ್ಚಿನ ಪರೋಪಜೀವಿ ಕಂಡರೆ, ರೋಗ ಊರೊಳಗೇ ಕೈಯಿಂದ ಕೈಗೆ ದಾಟುತ್ತಿರುವ ಗುಮಾನಿ ಬಲವಾಗುತ್ತದೆ. ಸೆನೆಗಲ್‌ನಲ್ಲಿ ಮಲೇರಿಯಾದ ಇನ್ನೊಂದು ಬಗೆಯಾದ ಫಾಲ್ಸಿಪಾರಂನ ವಂಶವಾಹಿಯಲ್ಲಿ 24 ಗುರುತುಗಳನ್ನು ಮಾತ್ರ ಓದಿಯೇ ರೋಗ ಇಳಿದದ್ದನ್ನೂ ಮತ್ತೆ ತಲೆ ಎತ್ತಿದ್ದನ್ನೂ ಹಿಡಿದರು. ಪನಾಮಾದ್ದು ನಮಗೆ ಇನ್ನೂ ಹತ್ತಿರದ ಕತೆ, ಯಾಕೆಂದರೆ ಅಲ್ಲಿಯದೂ ವೈವ್ಯಾಕ್ಸ್. 2007ರಿಂದ 2009ರ, ಆಮೇಲೆ 2017ರಿಂದ 2019ರ ರಕ್ತದ ಮಾದರಿಗಳನ್ನು ಹೋಲಿಸಿದಾಗ, ಒಂದೇ ತಳಿ ಹತ್ತು ವರ್ಷ ಆ ನೆಲದಲ್ಲೇ ಬೇರು ಬಿಟ್ಟು ಕೂತಿತ್ತೆಂದು ತಿಳಿಯಿತು. ಬರೀ ವಲಸಿಗರನ್ನೇ ಕಾಯುತ್ತಾ ಕೂತಿದ್ದರೆ ಆ ತಳಿ ಎಂದೂ ಸಿಗುತ್ತಿರಲಿಲ್ಲ.

ನಮ್ಮೂರಿನ ತಳಿ ಎಂಥದು? ತೊಂಬತ್ತರ ದಶಕದಿಂದ ಮಂಗಳೂರನ್ನು ಬಿಡದ ಈ ರೋಗ, ಸ್ಲ್ಯಾಬಿಗೆ ಕಟ್ಟಿದ ಕ್ಯೂರಿಂಗ್ ನೀರಿನಲ್ಲೂ ತೆರೆದ ಓವರ್‌ಹೆಡ್ ಟ್ಯಾಂಕಿನಲ್ಲೂ ಹುಟ್ಟುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೇಲೇರಿ ಓಡಾಡುತ್ತಿದೆ. ಆ ಸೊಳ್ಳೆಗೆ ಕೆಲಸಗಾರ, ಫ್ಲ್ಯಾಟಿನ ಮಾಲೀಕ ಎಂಬ ಭೇದವಿಲ್ಲ. ಭೇದ ಮಾಡುವವರು ನಾವು.

ತಳಿ ಓದುವ ಈ ವಿಧಾನವೇನೂ ಮಂತ್ರದಂಡವಲ್ಲ, ಒಪ್ಪುತ್ತೇನೆ. ವೈವ್ಯಾಕ್ಸ್ ಹಠಮಾರಿ. ಒಬ್ಬನ ಒಳಗೇ ಎರಡು ಮೂರು ತಳಿ ಮಲಗಿರಬಹುದು, ಮೊದಲ ಜ್ವರದ ತಳಿ ಬಿಟ್ಟು ಬೇರೊಂದು ಎದ್ದು ಬರಬಹುದು. ಹೀಗಾಗಿ ಎರಡು ಮಾದರಿ ಹೊಂದಲಿಲ್ಲ ಎಂದ ಮಾತ್ರಕ್ಕೆ ಹೊರಗಿನದೆಂದು ಷರಾ ಬರೆಯಲಾಗದು. ಊರಿನ ತಳಿಗಳ ಪಟ್ಟಿ ಮೊದಲು ಕೈಯಲ್ಲಿರಬೇಕು, ಜನ ಬಂದು ಹೋಗುವ ಜಿಲ್ಲೆ, ರಾಜ್ಯಗಳದ್ದೂ ಬೇಕು. ಪ್ರಕರಣ ಸಾವಿರಗಟ್ಟಲೆ ಇದ್ದಾಗ ಇದು ಆಗದ ಕೆಲಸ. ಸಂಖ್ಯೆ ಇಳಿದಿರುವ ಈಗ ಆಗುತ್ತದೆ. ತೀರಾ ಇಳಿದ ಮೇಲೆ ಹೋಲಿಸಲು ಏನೂ ಉಳಿದಿರುವುದಿಲ್ಲ.

ನಾನು ಕೇಳುತ್ತಿರುವುದು ದೊಡ್ಡ ಯಂತ್ರವನ್ನಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಪಾಸಿಟಿವ್ ಬಂದ ಪ್ರತಿಯೊಬ್ಬರಿಂದ, ಅವರ ಒಪ್ಪಿಗೆ ಪಡೆದು, ಸ್ಲೈಡಿನ ಜೊತೆಗೇ ಎರಡು ಹನಿ ರಕ್ತವನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಇಡಲಿ. ಕೋವಿಡ್ ಕಾಲದಲ್ಲಿ ಕಟ್ಟಿದ ಪಿಸಿಆರ್ ಪ್ರಯೋಗಾಲಯಗಳಿವೆ, ಬೆಂಗಳೂರಿನಲ್ಲಿ ವೈರಾಣುವಿನ ಜೀನೋಮ್ ಓದಿ ಪಳಗಿದವರಿದ್ದಾರೆ. ಅದೇ ಹನಿ ಇನ್ನೊಂದು ಕೆಲಸಕ್ಕೂ ಬರುತ್ತದೆ: ರಾಪಿಡ್ ಟೆಸ್ಟ್ ಹುಡುಕುವ ಪ್ರೋಟೀನಿನ ವಂಶವಾಹಿಯನ್ನೇ ಕಳಚಿಕೊಂಡು ಪರೀಕ್ಷೆಗೆ ಮಣ್ಣೆರಚುವ ಫಾಲ್ಸಿಪಾರಂ 2010ರಲ್ಲಿ ಪೆರುವಿನಿಂದ ಮೊದಲು ವರದಿಯಾಯಿತು. ಅಂಥದು ಇಲ್ಲಿದ್ದರೆ ತಿಳಿಯಲಿ.

ಒಂದು ಷರತ್ತು. ಫಲಿತಾಂಶದಲ್ಲಿ ರೋಗಿಯ ಹೆಸರು, ಜಾತಿ, ಊರು ಹೊರಬೀಳಬಾರದು. ಹೊರಗಿನ ತಳಿ ಸಿಕ್ಕಿತೆಂದು ಗುತ್ತಿಗೆದಾರ ಮರುದಿನವೇ ಕೆಲಸಗಾರನಿಗೆ ಗಂಟುಮೂಟೆ ಕಟ್ಟಿಸಿದರೆ, ಆಮೇಲೆ ಯಾರೂ ಬೆರಳು ಚಾಚುವುದಿಲ್ಲ.

ಇನ್ನೊಂದು ಸಣ್ಣ ಕೋರಿಕೆಯಿದೆ, ಇದಕ್ಕೆ ಬಜೆಟ್ಟೂ ಬೇಡ. ಹಳೆಯ ಸ್ಲೈಡಿನಲ್ಲಿ ಒಣಗಿದ ರಕ್ತದಿಂದಲೂ ಡಿಎನ್‌ಎ ತೆಗೆಯಲು ಬರುತ್ತದೆ. ಆಸ್ಪತ್ರೆಗಳ ಕಪಾಟುಗಳಲ್ಲಿ ಉಳಿದಿರುವ ಪಾಸಿಟಿವ್ ಸ್ಲೈಡುಗಳನ್ನು ತೊಳೆಯಬೇಡಿ, ಎಸೆಯಬೇಡಿ ಎಂದು ಈ ವಾರವೇ ಒಂದು ಸುತ್ತೋಲೆ ಹೊರಡಿಸಿ. ಅವುಗಳಲ್ಲಿ ನನ್ನವೂ ಎರಡು ಇದ್ದಾವು.

ಇತಿ ತಮ್ಮ ವಿಶ್ವಾಸಿ,
ಮಂಗಳೂರಿನ ಒಬ್ಬ ನಿವಾಸಿ