ಜಿಲ್ಲೆಗೊಂದು ಹೆಲಿ ಆಂಬುಲೆನ್ಸ್ ಕೊಡಿ

ಮಾನ್ಯ ಸಂಪಾದಕರೇ,

ಉತ್ತರ ಕನ್ನಡದ ತುರ್ತು ರೋಗಿಗಳನ್ನು ಸಾಗಿಸಲು ಸರ್ಕಾರ ಒಂದು ಹೆಲಿಕಾಪ್ಟರ್ ಕೊಡಬೇಕು. ತಲೆಗೆ ಜೋರು ಪೆಟ್ಟು ಬಿದ್ದರೆ ನಾವು ಈಗಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ ಎಂದು ಓಡುವವರೇ. ಕಾರವಾರದಿಂದ ಮಂಗಳೂರು ಸುಮಾರು 270 ಕಿ.ಮೀ. ಹೋದ ಮಳೆಗಾಲದಲ್ಲಿ ಚಿಕ್ಕಪ್ಪನನ್ನು ಹುಬ್ಬಳ್ಳಿಗೆ ಒಯ್ಯುವಾಗ ಅರಬೈಲ್ ಘಾಟಿಯ ತಿರುವಿನಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು, ಸೈರನ್ ಎಷ್ಟು ಕೂಗಿದರೂ ಮುಂದೆ ಜಾಗವೇ ಇಲ್ಲ, ನಾನು ಆಕ್ಸಿಜನ್ ಸಿಲಿಂಡರಿನ ಮುಳ್ಳು ಇಳಿಯುವುದನ್ನೇ ನೋಡುತ್ತ ಕೂತಿದ್ದೆ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗಲಂತೂ ಹೆದ್ದಾರಿಯೇ ಬಂದ್.

ಋಷಿಕೇಶದ ಏಮ್ಸ್ ಅದೇ ವರ್ಷ ಗುಡ್ಡಗಾಡಿನ ಜನರಿಗೆ ಹೆಲಿ ಆಂಬುಲೆನ್ಸ್ ಶುರು ಮಾಡಿತು. ಜೋರು ಮಳೆಯಲ್ಲಿ ಹಾರುವುದು ಕಷ್ಟ, ಒಪ್ಪುತ್ತೇನೆ. ಆದರೆ ವರ್ಷವಿಡೀ ಮಳೆ ಇರುವುದಿಲ್ಲ. ಮಂತ್ರಿಗಳು ಬರುತ್ತಾರೆಂದರೆ ಹೆಲಿಪ್ಯಾಡ್ ಸುಮ್ನೆ ತಯಾರಾಗುತ್ತದೆ, ಅಲ್ವಾ?

ಮೊದಲು ಕಾರವಾರ, ಶಿರಸಿಯಲ್ಲಿ ಆಸ್ಪತ್ರೆಗೆ ಹತ್ತಿರ ಇಳಿಯುವ ಜಾಗ ಗುರುತಿಸಿ, 108ಕ್ಕೆ ಕರೆ ಮಾಡಿದರೇ ಹೆಲಿಕಾಪ್ಟರ್ ಸಿಗುವಂತೆ ಮಾಡಲಿ. ಅಲ್ಲಿಯವರೆಗೆ ಕಾರವಾರದ ನೌಕಾನೆಲೆಯ ನೆರವು ಸಿಗುತ್ತದೆಯೇ ಎಂದು ಜಿಲ್ಲಾಡಳಿತ ಕೇಳಿ ನೋಡಲಿ. ಬಡವರಿಂದ ಬಾಡಿಗೆ ಕೇಳಬಾರದು.

– ಓದುಗ, ಕಾರವಾರ