ಐದು ದಿನ ಜೈಲಿನಲ್ಲಿದ್ದ ವರದಿಗಾರ: ಬರೆಯಲು ಹೊರಟ ತಂಗಿಗೆ ಒಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳ ಬಗ್ಗೆ ನಿನಗಿರುವ ಕಾಳಜಿ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಆದರೆ ಆ ಹೆಣ್ಣುಮಕ್ಕಳು ಮಾತ್ರ ಎಲ್ಲೂ ಕಾಣುವುದಿಲ್ಲ. ಶೋಷಣೆ ಅನ್ನುತ್ತೀಯ, ಅನ್ಯಾಯ ಅನ್ನುತ್ತೀಯ. ಬೆಳಿಗ್ಗೆ ಎಷ್ಟು ಹೊತ್ತಿಗೆ ಗೇಟು ಹಾಕುತ್ತಾರೆ? ತಡವಾಗಿ ಬಂದವಳ ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ? ಗಂಟೆಗೆ ಎಷ್ಟು ಪೀಸು ಹೊಲಿಯಬೇಕು? ಟಾಯ್ಲೆಟ್‌ಗೆ ಹೋಗಲು ಯಾರ ಅಪ್ಪಣೆ ಬೇಕು? ಇದು ಯಾವುದೂ ಲೇಖನದಲ್ಲಿಲ್ಲ. ಒಳ್ಳೆಯ ವರದಿ ಬರೆಯುವುದನ್ನು ಕಲಿಯಲು ಯಾರನ್ನು ಓದಲಿ ಅಂತ ಕೇಳಿದ್ದೀಯ. ನನ್ನ ಉತ್ತರ ಸ್ವಲ್ಪ ದೂರದ್ದು. ದಕ್ಷಿಣ ಆಫ್ರಿಕಾದ ಪತ್ರಿಕೆಗಳ ಕಥೆ ಓದು. ಅದರಲ್ಲೂ 1950ರ ದಶಕದ ‘ಡ್ರಮ್’ ಮಾಸಪತ್ರಿಕೆಯದು.

‘ಡ್ರಮ್’ ಹುಟ್ಟಿದ್ದು 1951ರಲ್ಲಿ, ಕೇಪ್‌ಟೌನಿನಲ್ಲಿ. ವರ್ಣಭೇದವನ್ನೇ ಸರ್ಕಾರದ ನೀತಿ ಮಾಡಿದ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದು ಆಗಷ್ಟೇ ಮೂರು ವರ್ಷ. ಮೊದಲಿಗೆ ಪತ್ರಿಕೆಯ ಹೆಸರು ‘ದಿ ಆಫ್ರಿಕನ್ ಡ್ರಮ್’. ಹಣ ಹಾಕಿದವರು ಜಿಮ್ ಬೇಲಿ, ಚಿನ್ನದ ಗಣಿಗಳ ದೊಡ್ಡ ಧಣಿಯೊಬ್ಬರ ಮಗ. ಶುರುವಿನ ಸಂಚಿಕೆಗಳ ತುಂಬ ಬುಡಕಟ್ಟುಗಳ ಪರಿಚಯ, ಜನಪದ ಕಥೆ, ಹಾಡು. ಆಫ್ರಿಕನ್ನರಿಗೆ ಬೇಕಾದದ್ದು ಇದೇ ಅಂತ ನಡೆಸುವವರು ಅಂದುಕೊಂಡಿದ್ದರು. ಪತ್ರಿಕೆ ಓಡಲಿಲ್ಲ. ಆಮೇಲೆ ಕಚೇರಿ ಜೋಹಾನ್ಸ್‌ಬರ್ಗ್‌ಗೆ ಬಂತು. ಆಂಥೋನಿ ಸ್ಯಾಂಪ್ಸನ್ ಎಂಬ ಇಂಗ್ಲೆಂಡಿನ ಯುವಕ ಸಂಪಾದಕರಾದರು. ಅವರು ಮಾಡಿದ ಒಳ್ಳೆಯ ಕೆಲಸ ಎಂದರೆ ಓದುಗರನ್ನು ಕೇಳಿದ್ದು. ಊರುಕೇರಿ ಬಿಟ್ಟು ನಗರಕ್ಕೆ ಬಂದು ದುಡಿಯುತ್ತಿದ್ದ ಕಪ್ಪು ಜನರಿಗೆ ಜಾಝ್ ಬೇಕಿತ್ತು, ಬಾಕ್ಸಿಂಗ್ ಬೇಕಿತ್ತು, ಸಿನಿಮಾ ಬೇಕಿತ್ತು. ತಮ್ಮ ಬೀದಿಯಲ್ಲಿ, ತಮ್ಮ ಕೆಲಸದ ಜಾಗದಲ್ಲಿ ಏನು ನಡೆಯುತ್ತಿದೆ ಎಂಬುದು ಅಚ್ಚಿನಲ್ಲಿ ಬರಬೇಕಿತ್ತು.

ಆ ಕೆಲಸಕ್ಕೆ ಸಿಕ್ಕವರು ಹೆನ್ರಿ ನ್ಕ್ಸುಮಾಲೊ. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾಕ್ಕೆ ಹೋಗಿ ಬಂದವರು. ಓದುಗರು ಅವರನ್ನು ‘ಮಿಸ್ಟರ್ ಡ್ರಮ್’ ಎಂದೇ ಕರೆದರು.

1952ರ ಮಾರ್ಚ್ ಸಂಚಿಕೆಯಲ್ಲಿ ಬಂದ ಅವರ ಬೆತಲ್ ವರದಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆತಲ್ ಆಗಿನ ಟ್ರಾನ್ಸ್‌ವಾಲ್ ಪ್ರಾಂತ್ಯದ ಒಂದು ಪಟ್ಟಣ. ಸುತ್ತ ಬಿಳಿಯರ ದೊಡ್ಡ ದೊಡ್ಡ ಆಲೂಗಡ್ಡೆ ಹೊಲಗಳು. ಅಲ್ಲಿ ಕೂಲಿಗಳನ್ನು ಹೊಡೆಯುತ್ತಾರೆ, ಕೂಡಿಹಾಕುತ್ತಾರೆ ಎಂಬ ಸುದ್ದಿ ಹೊಸದೇನೂ ಆಗಿರಲಿಲ್ಲ. ಹಿಂದೆಯೂ ಹೊರಬಂದಿತ್ತು, ಜನ ಮರೆತಿದ್ದರು. ಹೆನ್ರಿ ಅಲ್ಲಿಗೇ ಹೋದರು. ಜೊತೆಗೆ ಛಾಯಾಗ್ರಾಹಕ ಯುರ್ಗನ್ ಶಾಡೆಬರ್ಗ್. ಹೆನ್ರಿ ಕೂಲಿಗಳನ್ನು ಮಾತನಾಡಿಸಿದರು. ಅವರು ಮಲಗುವ ಜಾಗ ನೋಡಿದರು. ಗೋಣಿಚೀಲವನ್ನೇ ಬಟ್ಟೆಯಾಗಿ ತೊಟ್ಟವರನ್ನು ಕಂಡರು. ಅಷ್ಟಕ್ಕೇ ನಿಲ್ಲಲಿಲ್ಲ. ಈ ಜನ ಇಲ್ಲಿಗೆ ಬಂದದ್ದಾದರೂ ಹೇಗೆ ಎಂದು ಹಿಂದಕ್ಕೆ ಹುಡುಕುತ್ತಾ ಹೋದರು. ಕರಾರು ಮಾಡಿಸುವ ಕಚೇರಿಯಲ್ಲಿ ಗುಂಪು ಗುಂಪಾಗಿ ನಿಲ್ಲಿಸಿ ಷರತ್ತುಗಳನ್ನು ಗಡಿಬಿಡಿಯಲ್ಲಿ ಓದಿ ಹೇಳುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಬಂದು ಅಧಿಕಾರಿಯ ಪೆನ್ಸಿಲ್ ಮುಟ್ಟಿ ಮುಂದೆ ಹೋಗಬೇಕು. ಆ ಮುಟ್ಟುವುದೇ ಸಹಿ. ಅಲ್ಲಿಗೆ ಆ ಮನುಷ್ಯ ತಿಂಗಳುಗಟ್ಟಲೆ ಒಬ್ಬ ಧಣಿಯ ಹೊಲಕ್ಕೆ ಕಟ್ಟುಬಿದ್ದ ಹಾಗೆ.

ಆ ಪೆನ್ಸಿಲ್ ನೋಡು, ತಂಗಿ. ಮೋಸ ಎಂಬ ಮಾತನ್ನು ವರದಿಗಾರ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಓದುವವನಿಗೆ ತಾನಾಗಿಯೇ ಸಿಟ್ಟು ಬರುತ್ತದೆ. ಇಂಥ ವಿವರ ಕೂತಲ್ಲಿ ಹೊಳೆಯುವುದಿಲ್ಲ. ಫೋನಿನಲ್ಲೂ ಸಿಗುವುದಿಲ್ಲ. ಹೋಗಿ ಕೇಳಿದವರಿಗೆ, ಮತ್ತೆ ಮತ್ತೆ ಕೇಳಿದವರಿಗೆ ಸಿಗುತ್ತದೆ. ನಿನ್ನ ಲೇಖನಕ್ಕೂ ಇಂಥದೊಂದು ವಿವರ ಇದ್ದೇ ಇರುತ್ತದೆ. ಕೆಲಸಕ್ಕೆ ಸೇರಿದ ದಿನ ಆ ಹೆಣ್ಣುಮಕ್ಕಳ ಹತ್ತಿರ ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಅದು ಯಾವ ಭಾಷೆಯಲ್ಲಿತ್ತು, ಯಾರಾದರೂ ಓದಿ ಹೇಳಿದರಾ? ಅಲ್ಲಿಂದ ಶುರುಮಾಡು.

1954ರದ್ದು ಇನ್ನೂ ಧೈರ್ಯದ ಕೆಲಸ. ಜೋಹಾನ್ಸ್‌ಬರ್ಗ್‌ನ ಸೆಂಟ್ರಲ್ ಜೈಲಿನಲ್ಲಿ ಕಪ್ಪು ಕೈದಿಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ತಿಳಿಯಬೇಕಿತ್ತು. ಕಪ್ಪು ಜನ ನಗರದಲ್ಲಿ ಓಡಾಡಲು ಪಾಸ್ ಎಂಬ ಪರವಾನಗಿ ಇಟ್ಟುಕೊಳ್ಳಲೇಬೇಕಿತ್ತು. ಹೆನ್ರಿ ಬೇಕೆಂದೇ ರಾತ್ರಿ ಅದಿಲ್ಲದೆ ಓಡಾಡಿ ಪೊಲೀಸರ ಕೈಗೆ ಸಿಕ್ಕರು. ಐದು ದಿನ ಒಳಗಿದ್ದರು. ಹೊಡೆತ, ಹೊಲಸು ಊಟ, ಮಲಗಲು ಜಾಗವಿಲ್ಲದ ಕೋಣೆ, ಎಲ್ಲವನ್ನೂ ಬರೆದರು. ಕೈದಿಗಳನ್ನು ಬೆತ್ತಲೆ ಮಾಡಿ, ಕುಣಿಸಿ, ಚಪ್ಪಾಳೆ ಹೊಡೆಸಿ, ಮೈಯಲ್ಲಿ ಏನೂ ಬಚ್ಚಿಟ್ಟಿಲ್ಲ ಎಂದು ತೋರಿಸುವಂತೆ ಮಾಡುವ ‘ಟೌಸಾ’ ಎಂಬ ತಪಾಸಣೆ ಅಲ್ಲಿ ನಡೆಯುತ್ತಿತ್ತು. ಹೇಳಿದರೆ ಯಾರೂ ನಂಬುವ ಹಾಗಿರಲಿಲ್ಲ. ಅದಕ್ಕೇ ಬಾಬ್ ಗೊಸಾನಿ ಎಂಬ ಯುವ ಛಾಯಾಗ್ರಾಹಕ ಜೈಲಿನಂಗಳ ಕಾಣುವ ನರ್ಸ್‌ಗಳ ಹಾಸ್ಟೆಲಿನ ಚಾವಣಿ ಹತ್ತಿದರು. ಕಚೇರಿಯ ಬಿಳಿಯ ಹೆಣ್ಣುಮಗಳೊಬ್ಬಳು ಜೊತೆಗಿದ್ದಳು. ಅವಳ ಫೋಟೊ ತೆಗೆಯುತ್ತಿರುವಂತೆ ನಟಿಸುತ್ತಾ ಗೊಸಾನಿ ಅಂಗಳದ ಚಿತ್ರ ತೆಗೆದರು. ವರದಿಯೂ ಚಿತ್ರವೂ ಒಟ್ಟಿಗೆ ಅಚ್ಚಾದವು. ಇಂಥದ್ದು ಮತ್ತೆ ಬರಬಾರದು ಎಂದು ಸರ್ಕಾರ 1959ರಲ್ಲಿ ಹೊಸ ಕಾಯ್ದೆ ತಂದು, ಜೈಲುಗಳ ಬಗ್ಗೆ ಬರೆಯುವುದನ್ನೂ ಚಿತ್ರ ತೆಗೆಯುವುದನ್ನೂ ಬಿಗಿಯಾಗಿ ಕಟ್ಟಿಹಾಕಿತು. ಆ ವರದಿ ಎಷ್ಟು ನಾಟಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಭಾಷೆಯ ವಿಷಯಕ್ಕೆ ಬರುತ್ತೇನೆ. ನೀನು ಮಾತನಾಡುವಾಗ ಎಷ್ಟು ಚೆನ್ನಾಗಿ ಮಾತನಾಡುತ್ತೀಯ! ಬರೆಯಲು ಕೂತ ಕೂಡಲೇ ಸರ್ಕಾರಿ ಸುತ್ತೋಲೆಯ ಕನ್ನಡ ಬರುತ್ತದೆ. ‘ಡ್ರಮ್’ ಬಳಗದವರು ಬರೆದದ್ದು ಇಂಗ್ಲಿಷ್‌ನಲ್ಲಿ. ಆದರೆ ಅದು ಜೋಹಾನ್ಸ್‌ಬರ್ಗ್‌ನ ಕಪ್ಪು ಜನರ ಬಡಾವಣೆ ಸೋಫಿಯಾಟೌನ್ ಬೀದಿಯಲ್ಲಿ ಓಡಾಡಿ ಬಂದ ಇಂಗ್ಲಿಷ್. ಕ್ಯಾನ್ ಥೆಂಬಾ ಶಾಲೆಯ ಮೇಷ್ಟರಾಗಿದ್ದವರು, ‘ಡ್ರಮ್’ ಕಥಾಸ್ಪರ್ಧೆ ಗೆದ್ದು ಪತ್ರಿಕೆಗೆ ಬಂದರು. ಟಾಡ್ ಮಾಟ್ಶಿಕಿಜಾ ಸಂಗೀತಗಾರರು. ಅವರ ಜಾಝ್ ಬರಹಗಳಲ್ಲಿ ವಾಕ್ಯಗಳೇ ತಾಳ ಹಾಕುತ್ತಿದ್ದವು. ಕೇಸಿ ಮೊಟ್ಸಿಸಿ ಕಳ್ಳಭಟ್ಟಿ ಅಂಗಡಿಗಳ ಮಾತನ್ನು ಹಾಗೇ ಎತ್ತಿ ತಂದರು. ತಮ್ಮ ಓದುಗರು ಬಸ್ಸಿನಲ್ಲಿ, ರೈಲಿನಲ್ಲಿ ಮಾತನಾಡುವುದನ್ನು ಕೇಳುತ್ತಾ ಬೆಳೆದ ಭಾಷೆ ಅದು. ಆ ಸೋಫಿಯಾಟೌನನ್ನೇ ಸರ್ಕಾರ 1955ರಿಂದ ಕೆಡವತೊಡಗಿತು. ಜನರನ್ನು ಲಾರಿಗಳಲ್ಲಿ ತುಂಬಿ ದೂರ ಸಾಗಿಸಿ, ಅದೇ ಜಾಗದಲ್ಲಿ ಬಿಳಿಯರ ಬಡಾವಣೆ ಕಟ್ಟಿತು. ಊರು ಹೋಯಿತು. ಅದರ ಮಾತು ಆ ಬರಹಗಳಲ್ಲಿ ಉಳಿದಿದೆ. ನಿನ್ನ ಲೇಖನದಲ್ಲಿ ಆ ಹೆಣ್ಣುಮಕ್ಕಳು ಲೈನು, ಸೂಪರ್‌ವೈಸರು, ಓಟಿ ಅಂತಲೇ ಮಾತನಾಡಲಿ. ತಿದ್ದಬೇಡ.

ಹಾಗಂತ ‘ಡ್ರಮ್’ನಲ್ಲಿ ಎಲ್ಲವೂ ಸರಿಯಿತ್ತು ಅಂತ ತಿಳಿಯಬೇಡ. ಹೆಣ್ಣುಮಗಳಾಗಿ ನನಗೆ ಒಂದು ವಿಷಯ ಇವತ್ತಿಗೂ ನೋವು ತರುತ್ತದೆ. ಅಲ್ಲಿ ‘ಡಿಯರ್ ಡಾಲಿ’ ಅಂತ ಒಂದು ಅಂಕಣವಿತ್ತು. ಹೆಸರಾಂತ ಹಾಡುಗಾರ್ತಿ ಡಾಲಿ ರತೇಬೆಯ ಹೆಸರಿನಲ್ಲಿ, ಪ್ರೀತಿ-ಮದುವೆಯ ಕಷ್ಟ ಬರೆದುಕೊಂಡವರಿಗೆ ಉತ್ತರ ಕೊಡುವ ಅಂಕಣ. ಉತ್ತರ ಬರೆಯುತ್ತಿದ್ದವರು ಕಚೇರಿಯ ಗಂಡಸರು. ಮುಖಪುಟದ ಮೇಲೆ ಹೆಣ್ಣುಮಕ್ಕಳ ಚಿತ್ರ ಜಾಸ್ತಿ, ಒಳಗೆ ಹೆಣ್ಣುಮಕ್ಕಳ ಬರಹ ತೀರಾ ಕಡಿಮೆ. ಕಪ್ಪು ಜನರ ಅವಮಾನವನ್ನು ಅಷ್ಟು ಹತ್ತಿರದಿಂದ ಕಂಡ ಬರಹಗಾರರಿಗೆ ಪಕ್ಕದ ಹೆಣ್ಣುಮಕ್ಕಳ ದನಿ ಕೇಳಿಸಲಿಲ್ಲ. ನೀನು ಹೆಣ್ಣುಮಕ್ಕಳ ಬಗ್ಗೆ ಬರೆಯುತ್ತಿದ್ದೀಯ. ಅವರ ಪರವಾಗಿ ನೀನು ಮಾತನಾಡುವ ಮೊದಲು ಅವರೇ ಮಾತನಾಡಲಿ. ನಿನ್ನ ಕರಡಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಬಂದಿರುವವರು ಯಾರು ಅಂತ ಎಣಿಸಿದೆ. ಒಬ್ಬ ಪ್ರೊಫೆಸರ್, ಒಬ್ಬ ವಕೀಲ, ಒಬ್ಬ ಯೂನಿಯನ್ ಮುಖಂಡ. ಮೂವರೂ ಗಂಡಸರು.

ಇನ್ನೊಂದು ಕೊರತೆ ಒಡೆತನದ್ದು. ಬರೆಯುವವರು ಕಪ್ಪು ಜನ, ಆದರೆ ಆ ದಶಕದುದ್ದಕ್ಕೂ ಸಂಪಾದಕರು ಬಿಳಿಯರು, ಮಾಲೀಕರೂ ಬಿಳಿಯರು. 1957ರಲ್ಲಿ ಅಮೆರಿಕದ ಕಪ್ಪು ಆಟಗಾರ್ತಿ ಆಲ್ಥಿಯಾ ಗಿಬ್ಸನ್ ವಿಂಬಲ್ಡನ್ ಟೆನಿಸ್ ಗೆದ್ದಾಗ, ಅವರನ್ನು ಬಿಳಿಯ ಎದುರಾಳಿ ಪ್ರೀತಿಯಿಂದ ಅಭಿನಂದಿಸುವ ಚಿತ್ರವನ್ನು ಮುಖಪುಟಕ್ಕೆ ಹಾಕಬೇಕೆಂದು ಸಂಪಾದಕ ಸಿಲ್ವೆಸ್ಟರ್ ಸ್ಟೈನ್ ಹೊರಟರು. ಮಾಲೀಕರು ಬೇಡವೆಂದರು. ಸ್ಟೈನ್ ರಾಜೀನಾಮೆ ಕೊಟ್ಟರು. ಅಷ್ಟು ಧೈರ್ಯದ ಪತ್ರಿಕೆಗೂ ಒಂದು ಗೆರೆ ಇತ್ತು. ನೀನು ಯಾವ ಪತ್ರಿಕೆಗೆ ಸೇರಿದರೂ ಆ ಗೆರೆ ಎಲ್ಲಿದೆ, ಅದನ್ನು ಎಳೆದವರು ಯಾರು ಎಂದು ತಿಳಿದುಕೊಂಡೇ ಕೆಲಸ ಮಾಡು.

ಸ್ವಂತ ಪತ್ರಿಕೆ ಮಾಡಿದರೆ ಹೇಗೆ ಅಂತ ಕೇಳಿದ್ದೀಯ. ಆ ದೇಶದಲ್ಲಿ ಅದಕ್ಕೂ ದೊಡ್ಡ ಪರಂಪರೆ ಇದೆ. 1884ರಲ್ಲೇ ಜಾನ್ ಟೆಂಗೊ ಜಬಾವು ಖೋಸಾ ಭಾಷೆಯಲ್ಲಿ ‘ಇಂವೊ ಜಬಾಂಟ್ಸುಂಡು’ ಶುರುಮಾಡಿದರು. 1903ರಲ್ಲಿ ಜಾನ್ ಡೂಬೆ ಜುಲು ಭಾಷೆಯ ‘ಇಲಾಂಗಾ’ ತಂದರು. ಅದೇ ವರ್ಷ ಡರ್ಬನ್ನಿನಲ್ಲಿ ‘ಇಂಡಿಯನ್ ಒಪಿನಿಯನ್’ ಹುಟ್ಟಿತು. ಗಾಂಧೀಜಿ ವಕೀಲಿಕೆಯಲ್ಲಿ ಗಳಿಸಿದ ಹಣ ಅದಕ್ಕೆ ಸುರಿದರು. ಖರ್ಚು ತಾಳಲಾರದೆ 1904ರಲ್ಲಿ ಮುದ್ರಣಾಲಯವನ್ನೇ ಡರ್ಬನ್ ಹತ್ತಿರದ ಫೀನಿಕ್ಸ್‌ನ ಜಮೀನಿಗೆ ಸಾಗಿಸಿದರು. ಅಲ್ಲಿನ ಮೊದಲ ಸಂಚಿಕೆಯ ರಾತ್ರಿ ಎಣ್ಣೆ ಎಂಜಿನ್ ಕೈಕೊಟ್ಟಿತು. ಬಡಗಿಗಳನ್ನೂ ಎಬ್ಬಿಸಿ ಎಲ್ಲರೂ ಸೇರಿ ಕೈಯಿಂದ ಚಕ್ರ ತಿರುಗಿಸಿ ಅಚ್ಚು ಹಾಕಿದರು. ಶುರುವಿನಲ್ಲಿ ಇದ್ದ ಹಿಂದಿ, ತಮಿಳು ಪುಟಗಳು ಕೆಲವೇ ವರ್ಷಗಳಲ್ಲಿ ನಿಂತವು, ಇಂಗ್ಲಿಷ್ ಮತ್ತು ಗುಜರಾತಿ ಉಳಿದವು. ಕಬ್ಬಿನ ಗದ್ದೆಯ ತಮಿಳು ಕೂಲಿಗಳಿಗೆ ಆ ಪುಟ ಎಷ್ಟು ಬೇಕಾಗಿತ್ತು ಅಂತ ಯೋಚಿಸಿದರೆ ಬೇಸರವಾಗುತ್ತದೆ.

ಈ ಸಾಲಿನಲ್ಲಿ ನನಗೆ ಬಲು ಇಷ್ಟದವರು ಸೋಲ್ ಪ್ಲಾಟ್ಯೆ. ಕೋರ್ಟಿನಲ್ಲಿ ದುಭಾಷಿಯಾಗಿದ್ದು, ಆಮೇಲೆ ಸೆಟ್ಸ್ವಾನಾ ಭಾಷೆಯ ಪತ್ರಿಕೆಗಳನ್ನು ನಡೆಸಿದವರು. ಕಪ್ಪು ಜನರು ದೇಶದ ಬಹುಪಾಲು ಕಡೆ ಜಮೀನು ಕೊಳ್ಳದಂತೆ ತಡೆದ 1913ರ ಭೂ ಕಾಯ್ದೆ ಬಂದು, ಬಿಳಿಯರ ಹೊಲಗಳಲ್ಲಿ ಪಾಲಿಗೆ ಬೇಸಾಯ ಮಾಡುತ್ತಿದ್ದ ಕುಟುಂಬಗಳು ದನಕರು ಸಮೇತ ಬೀದಿಗೆ ಬಿದ್ದಾಗ, ಪ್ಲಾಟ್ಯೆ ಸೈಕಲ್ ಹತ್ತಿ ಆ ದಾರಿಗಳಲ್ಲಿ ಅವರನ್ನು ಹುಡುಕಿಕೊಂಡು ಹೋದರು. ಚಳಿಯಲ್ಲಿ ಅವರ ಜೊತೆ ನಿಂತು ಕೇಳಿ ಬರೆದುಕೊಂಡರು. ಅವರ ಪತ್ರಿಕೆಗಳು ಹಣವಿಲ್ಲದೆ ಒಂದೊಂದಾಗಿ ನಿಂತವು. ಆ ಬರಹವನ್ನು ಇವತ್ತಿಗೂ ಓದುತ್ತಾರೆ.

ಪತ್ರಿಕೆ ಮುಚ್ಚಿದರೆ ಎಲ್ಲ ಮುಗಿಯಿತು ಅಂತ ಹೆದರಬೇಡ. 1976ರ ಜೂನ್ 16ರಂದು ಜೋಹಾನ್ಸ್‌ಬರ್ಗ್ ಪಕ್ಕದ ಕಪ್ಪು ಜನರ ಬಡಾವಣೆ ಸೊವೆಟೊದಲ್ಲಿ ಪೊಲೀಸರು ಪ್ರತಿಭಟನೆಗೆ ಇಳಿದ ಶಾಲಾ ಮಕ್ಕಳ ಮೇಲೆ ಗುಂಡು ಹಾರಿಸಿದರು. ಗುಂಡೇಟು ಬಿದ್ದ ಹೆಕ್ಟರ್ ಪೀಟರ್ಸನ್ ಎಂಬ ಹುಡುಗನನ್ನು ಎತ್ತಿಕೊಂಡು ಓಡುವ ಚಿತ್ರವನ್ನು ‘ದಿ ವರ್ಲ್ಡ್’ ಪತ್ರಿಕೆಯ ಸ್ಯಾಮ್ ನ್ಜಿಮಾ ತೆಗೆದರು. ಫಿಲ್ಮ್ ರೋಲನ್ನು ಕಾಲುಚೀಲದಲ್ಲಿ ಬಚ್ಚಿಟ್ಟು ಉಳಿಸಿದರು. ಚಿತ್ರ ಲೋಕವನ್ನೆಲ್ಲ ಸುತ್ತಿತು. ನ್ಜಿಮಾಗೆ ಪೊಲೀಸರ ಕಾಟ ಶುರುವಾಯಿತು. ಅವರು ಕೆಲಸ ಬಿಟ್ಟು ಹಳ್ಳಿ ಸೇರಿದರು. 1977ರ ಅಕ್ಟೋಬರ್ 19ರಂದು ‘ದಿ ವರ್ಲ್ಡ್’ ಪತ್ರಿಕೆಯನ್ನೇ ನಿಷೇಧಿಸಿ, ಸಂಪಾದಕ ಪರ್ಸಿ ಕೊಬೋಜಾ ಅವರನ್ನು ಬಂಧಿಸಿದರು. ಅದಾದ ಎಂಟು ವರ್ಷಕ್ಕೆ ಜೋಹಾನ್ಸ್‌ಬರ್ಗ್‌ನ ಇಂಗ್ಲಿಷ್ ದಿನಪತ್ರಿಕೆ ‘ರ‍್ಯಾಂಡ್ ಡೈಲಿ ಮೇಲ್’ ಮುಚ್ಚಿತು. ಕೆಲಸ ಕಳೆದುಕೊಂಡ ಕೆಲವರು ಕೈಗೆ ಬಂದ ಪರಿಹಾರದ ಹಣವನ್ನೇ ಒಟ್ಟುಗೂಡಿಸಿ, ಅದೇ 1985ರಲ್ಲಿ ‘ವೀಕ್ಲಿ ಮೇಲ್’ ಶುರುಮಾಡಿದರು. ಅಲ್ಲಿನ ತುರ್ತುಪರಿಸ್ಥಿತಿಯ ಕಾಲದಲ್ಲಿ ಅಚ್ಚು ಮಾಡಬಾರದ ಸಾಲುಗಳ ಮೇಲೆ ಕಪ್ಪು ಪಟ್ಟಿ ಹಾಕಿ ಹಾಗೇ ಮಾರಿದರು. ಆ ಪತ್ರಿಕೆ ಇವತ್ತಿಗೂ ‘ಮೇಲ್ ಅಂಡ್ ಗಾರ್ಡಿಯನ್’ ಹೆಸರಿನಲ್ಲಿದೆ.

ಕೊನೆಗೆ ಒಂದು ಮಾತು, ಇದನ್ನು ಅಕ್ಕನಾಗಿ ಹೇಳುತ್ತಿದ್ದೇನೆ. ಹೆನ್ರಿ ನ್ಕ್ಸುಮಾಲೊ 1956ರ ಕೊನೆಯ ರಾತ್ರಿ ಕೊಲೆಯಾದರು. ಆಗ ಅವರು ಕದ್ದುಮುಚ್ಚಿ ನಡೆಯುತ್ತಿದ್ದ ಗರ್ಭಪಾತಗಳ ಬೆನ್ನು ಹತ್ತಿದ್ದರು. ಕೊಂದವರು ಸಿಗಲೇ ಇಲ್ಲ. ಮನೆಯಲ್ಲಿ ಹೆಂಡತಿ, ಮಕ್ಕಳಿದ್ದರು. ಆದ್ದರಿಂದ ಫ್ಯಾಕ್ಟರಿಯ ಹತ್ತಿರ ಹೋಗುವಾಗ ಒಬ್ಬಳೇ ಹೋಗಬೇಡ. ಎಲ್ಲಿಗೆ, ಯಾರನ್ನು ನೋಡಲು ಹೋಗುತ್ತಿದ್ದೀಯ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀಯ ಎಂದು ನಿನ್ನ ಸಂಪಾದಕರಿಗೂ ಮನೆಯವರಿಗೂ ಹೇಳಿರು. ಟಿಪ್ಪಣಿ ಪುಸ್ತಕದ ಪುಟಗಳ ಫೋಟೊ ತೆಗೆದು ಅವತ್ತೇ ಇನ್ನೊಬ್ಬರಿಗೆ ಕಳಿಸು. ನಿನ್ನ ಜೊತೆ ಮಾತನಾಡಿದ ಹೆಣ್ಣುಮಕ್ಕಳ ಕೆಲಸಕ್ಕೆ ಕುತ್ತು ಬರುವ ಹಾಗಿದ್ದರೆ ಅವರ ಹೆಸರು, ಲೈನಿನ ನಂಬರು, ಊರು ಯಾವುದನ್ನೂ ಅಚ್ಚಿಗೆ ಕೊಡಬೇಡ. ಅವರನ್ನು ಗೇಟಿನ ಮುಂದೆ ಮಾತನಾಡಿಸುವುದಕ್ಕಿಂತ ಭಾನುವಾರ ಮನೆಯಲ್ಲಿ ಮಾತನಾಡಿಸುವುದು ಒಳ್ಳೆಯದು.

ಪ್ರೀತಿಯಿಂದ,
ನಿನ್ನ ಅಕ್ಕ